ಪೈಪು ತೆಗೆದ ಮೇಲೆ: ಪುರುಷರ ಪೆಲ್ವಿಕ್ ಫ್ಲೋರ್ ಚಿಕಿತ್ಸೆಗಾಗಿ ಒಂದು ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಆರೋಗ್ಯ ರಕ್ಷಾ ಸಮಿತಿ, ಜಿಲ್ಲಾ ಆಸ್ಪತ್ರೆ.

ವಿಷಯ: ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಪುರುಷರಿಗೆ ಶ್ರೋಣಿತಳದ (ಪೆಲ್ವಿಕ್ ಫ್ಲೋರ್) ಸ್ನಾಯುಗಳ ಫಿಸಿಯೋಥೆರಪಿ ಒದಗಿಸುವ ಕುರಿತು.

ಉಲ್ಲೇಖ: ಇದೇ ವಿಷಯವಾಗಿ ಈ ಹಿಂದೆ ಸಲ್ಲಿಸಿದ, ಉತ್ತರ ಬಾರದ ಮೂರು ಮನವಿಗಳು.

ಮಾನ್ಯರೇ,

ಮನವಿದಾರರಲ್ಲಿ ಒಬ್ಬರು ಅರವತ್ತೆಂಟು ವರ್ಷದ ನಿವೃತ್ತ ಮೇಷ್ಟ್ರು. ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಆಪರೇಷನ್ ಆಯಿತು, ಗ್ರಂಥಿಯನ್ನು ಪೂರ್ತಿ ತೆಗೆದರು, ಜೀವ ಉಳಿಯಿತು. ಅದಕ್ಕೆ ವೈದ್ಯರಿಗೆ ಅವರ ಮನೆಯವರೆಲ್ಲ ಇಂದಿಗೂ ಕೈ ಮುಗಿಯುತ್ತಾರೆ. ಆದರೆ ಮೂತ್ರದ ಪೈಪು ತೆಗೆದ ದಿನ ಮಂಚದಿಂದ ಎದ್ದು ನಿಂತದ್ದೇ ತಡ, ಪಂಚೆ ಒದ್ದೆಯಾಯಿತು. ‘ಸ್ವಲ್ಪ ದಿನ ಹೀಗೇ ಇರುತ್ತೆ, ಆಮೇಲೆ ಸರಿಹೋಗುತ್ತೆ’ ಎಂದು ಹೇಳಿ ಡಿಸ್ಚಾರ್ಜ್ ಚೀಟಿ ಕೈಗಿತ್ತರು. ಆ ಚೀಟಿಯಲ್ಲಿ ಮಾತ್ರೆಗಳ ಹೆಸರಿದೆ, ಮುಂದಿನ ತಪಾಸಣೆಯ ದಿನವಿದೆ. ವ್ಯಾಯಾಮದ ಬಗ್ಗೆ ಒಂದಕ್ಷರವಿಲ್ಲ.

ಅಂದಿನಿಂದ ಅವರು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಾರೆ. ಹೆಂಡತಿಯ ಹಳೆಯ ನೂಲಿನ ಸೀರೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಳ್ಳುತ್ತಾರೆ. ಕೈಚೀಲದಲ್ಲಿ ಇನ್ನೆರಡು ಮಡಿಕೆ ಬಟ್ಟೆ, ಒದ್ದೆಯಾದದ್ದನ್ನು ಸುತ್ತಿಡಲು ಒಂದು ಪ್ಲಾಸ್ಟಿಕ್ ಕವರು. ಕೆಮ್ಮು ಬಂದರೆ ಭಯ, ಸೀನು ಬಂದರೆ ಭಯ. ಮೊಮ್ಮಗಳ ನಾಮಕರಣಕ್ಕೆ ಹೋಗದೆ ಮೈ ಹುಷಾರಿಲ್ಲ ಎಂದು ಹೇಳಿಕಳಿಸಿದರು.

ಯಾರೋ ಹೇಳಿದರೆಂದು ಅವರು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋದರು. ಅಲ್ಲಿ ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ‘ಇದು ಬಾಣಂತಿಯರಿಗೆ ಹೇಳಿಕೊಡೋದು, ಗಂಡಸರಿಗಲ್ಲ’ ಎಂಬ ಉತ್ತರ ಸಿಕ್ಕಿತು. ಕೈಗೆ ಒಂದು ಇಂಗ್ಲಿಷ್ ಕರಪತ್ರ ಬಂತು. ಅದರ ಮೇಲೆ ಬಸುರಿ ಹೆಂಗಸಿನ ಚಿತ್ರ. ಆ ಕರಪತ್ರ ಅಡಕ 1. ಡಿಸ್ಚಾರ್ಜ್ ಚೀಟಿ ಅಡಕ 2. ಇದೇ ಅನುಭವವಾದ ಇತರ ಮನವಿದಾರರ ಒಪಿಡಿ ಚೀಟಿಗಳು ಅಡಕ 3. ಹಿಂದಿನ ಮೂರು ಮನವಿಗಳ ಸ್ವೀಕೃತಿ ಮುದ್ರೆಯ ಪ್ರತಿಗಳು ಅಡಕ 4. ಎಷ್ಟು ಪುರುಷರಿಗೆ ಈ ಚಿಕಿತ್ಸೆ ಕೊಟ್ಟಿದ್ದೀರಿ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದ್ದಕ್ಕೆ ಬಂದ ಎರಡು ಸಾಲಿನ ಉತ್ತರ, ‘ಮಾಹಿತಿ ಲಭ್ಯವಿರುವುದಿಲ್ಲ’ ಎಂಬುದು, ಅಡಕ 5. ಮೂರು ಮನವಿಗಳಿಗೆ ಒಂದು ಹಿಂಬರಹವನ್ನಾದರೂ ಕೊಡುವ ಸೌಜನ್ಯ ಕಾಣದೇ ಇದ್ದುದರಿಂದ ಈ ನಾಲ್ಕನೆಯದನ್ನು ಬರೆಯಬೇಕಾಗಿ ಬಂದಿದೆ.

ಗಂಡಸರಿಗಲ್ಲ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂಬುದು ಮನವಿದಾರರಿಗೆ ಅರ್ಥವಾಗುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಶ್ರೋಣಿತಳದ ಸ್ನಾಯುಗಳನ್ನು ಬಿಗಿಸಿ ಸಡಿಲಿಸುವ ಈ ವ್ಯಾಯಾಮವನ್ನು ವೈದ್ಯಲೋಕದ ಮುಂದಿಟ್ಟದ್ದು ಹೆರಿಗೆಯಾದ ಹೆಂಗಸರಿಗಾಗಿ. ಆದರೆ ಈ ಸ್ನಾಯುಗಳು ಇಬ್ಬರಿಗೂ ಇವೆ. ಮುಂದಿನ ಗುಹ್ಯಾಸ್ಥಿಯಿಂದ ಬೆನ್ನುಮೂಳೆಯ ತುದಿಯ ಬಾಲಮೂಳೆಯವರೆಗೆ ಜೋಲಿಯಂತೆ ಹಬ್ಬಿ, ಮೂತ್ರಕೋಶವನ್ನೂ ಗುದನಾಳವನ್ನೂ ಹೊತ್ತು ನಿಂತಿರುವುದು ಈ ಸ್ನಾಯುಗಳೇ. ಗಂಡಸಿನಲ್ಲಿ ಮೂತ್ರ ತಡೆಯಲು ಉಂಗುರದಂಥ ಎರಡು ಬಿಗಿಸ್ನಾಯುಗಳಿವೆ. ಮೂತ್ರಕೋಶದ ಕುತ್ತಿಗೆಯಲ್ಲಿರುವ ಒಳಬಿಗಿ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತದೆ. ಪ್ರಾಸ್ಟೇಟಿನ ಕೆಳಗಿರುವ ಹೊರಬಿಗಿ ನಮ್ಮ ಮಾತು ಕೇಳುತ್ತದೆ. ಪ್ರಾಸ್ಟೇಟನ್ನು ಪೂರ್ತಿ ತೆಗೆಯುವಾಗ ಒಳಬಿಗಿಗೆ ಪೆಟ್ಟು ಬೀಳುತ್ತದೆ. ಆಮೇಲೆ ಭಾರವೆಲ್ಲ ಹೊರಬಿಗಿ ಮತ್ತು ಅದರ ಸುತ್ತಲಿನ ಶ್ರೋಣಿತಳದ ಮೇಲೆ. ಅರವತ್ತು ವರ್ಷ ಯೋಚಿಸದೇ ಬಿಟ್ಟಿದ್ದ ಸ್ನಾಯುವಿಗೆ ಒಂದೇ ದಿನದಲ್ಲಿ ಇಬ್ಬರ ಕೆಲಸ ಬಂತು. ಅದನ್ನು ಪಳಗಿಸುವುದು ಹೇಗೆಂದು ಹೇಳಿಕೊಡುವವರು ಬೇಡವೇ?

ಬೆಲ್ಜಿಯಂನ ಲೂವೆನ್‌ನಲ್ಲಿ ಈ ಆಪರೇಷನ್ ಆದ 102 ಪುರುಷರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2000ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳಿಗೆ, ತರಬೇತಿ ಪಡೆದವರಲ್ಲಿ ಶೇಕಡಾ 88 ಮಂದಿಗೆ ಸೋರಿಕೆ ನಿಂತಿತ್ತು, ಪಡೆಯದವರಲ್ಲಿ ಶೇಕಡಾ 56 ಮಂದಿಗೆ. ಇದಕ್ಕೆ ವಿರುದ್ಧವಾದ ಪುರಾವೆಯನ್ನೂ ಮನವಿದಾರರು ಮುಚ್ಚಿಡುವುದಿಲ್ಲ. 2011ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ವರ್ಷದ ಕೊನೆಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ವಿಶೇಷ ತರಬೇತಿ ಸಿಗದ ಗುಂಪಿನಲ್ಲೂ ಅನೇಕರು ತಾವಾಗಿಯೇ ವ್ಯಾಯಾಮ ಮಾಡುತ್ತಿದ್ದರು. ಇಲ್ಲಿಯವರಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿಲ್ಲ. ಕಾಲ ಕಳೆದಂತೆ ಅನೇಕರಿಗೆ ತಾನಾಗಿಯೇ ಗುಣವಾಗುತ್ತದೆ ಎಂಬುದೂ ನಿಜ. ಆ ಕಾಲ ಒದ್ದೆ ಬಟ್ಟೆಯಲ್ಲಿ ಕಳೆಯುವ ಕಾಲ ಎಂಬುದನ್ನು ಸಮಿತಿ ನೆನಪಿನಲ್ಲಿಡಬೇಕು. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2010ರ ಮಾರ್ಗಸೂಚಿ, ಪ್ರಾಸ್ಟೇಟ್ ತೆಗೆದ ಮೇಲೆ ಸೋರಿಕೆಯಾಗುವವರಿಗೆ ಮೇಲ್ವಿಚಾರಣೆಯಲ್ಲಿ ಈ ತರಬೇತಿ ಕೊಡಬೇಕು, ಬೇರೆ ಉಪಾಯ ಯೋಚಿಸುವ ಮೊದಲು ಕನಿಷ್ಠ ಮೂರು ತಿಂಗಳು ವ್ಯಾಯಾಮ ಮುಂದುವರಿಸಲು ಹೇಳಬೇಕು ಎನ್ನುತ್ತದೆ.

ಮೇಲ್ವಿಚಾರಣೆ ಎಂಬ ಮಾತಿಗೆ ಮನವಿದಾರರು ಅಂಟಿಕೊಂಡಿರುವುದಕ್ಕೆ ಕಾರಣವಿದೆ. ಮೇಷ್ಟ್ರು ತಾವೇ ಮೊಬೈಲಿನಲ್ಲಿ ವಿಡಿಯೊ ನೋಡಿ ಎರಡು ತಿಂಗಳು ಅಭ್ಯಾಸ ಮಾಡಿದರು: ಉಸಿರು ಕಟ್ಟಿ, ಹೊಟ್ಟೆ ಒಳಗೆಳೆದು, ಕುಂಡೆ ಬಿಗಿ ಹಿಡಿದು. ಮೂರೂ ತಪ್ಪು. ಯಾವ ಮಾತಿನಲ್ಲಿ ಹೇಳಿದರೆ ಯಾವ ಸ್ನಾಯು ಓಗೊಡುತ್ತದೆ ಎಂಬುದನ್ನು ಆಸ್ಟ್ರೇಲಿಯದ ರಯಾನ್ ಸ್ಟಾಫರ್ಡ್, ಪಾಲ್ ಹಾಡ್ಜಸ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಹಿಡಿದು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ದಾರೆ. ‘ಗುದವನ್ನು ಬಿಗಿಯಿರಿ’ ಎಂದರೆ ಹಿಂದಿನ ಸ್ನಾಯುವೇ ಹೆಚ್ಚು ದುಡಿಯುತ್ತದೆ. ‘ಶಿಶ್ನವನ್ನು ಒಳಕ್ಕೆಳೆದು ಗಿಡ್ಡ ಮಾಡಿ’ ಎಂದರೆ ಮೂತ್ರನಾಳದ ಬಿಗಿ ಎಚ್ಚರಗೊಳ್ಳುತ್ತದೆ. ಇದನ್ನು ನಾಚಿಕೆಯಿಲ್ಲದೆ, ಬಾಗಿಲು ಹಾಕಿಕೊಂಡು, ಕನ್ನಡದಲ್ಲಿ ಹೇಳಿಕೊಡುವ ಒಬ್ಬರು ಬೇಕು. ಒಂದಕ್ಕೆ ಹೋಗುತ್ತಿರುವಾಗ ನಡುವೆಯೇ ನಿಲ್ಲಿಸುವ ಹಾಗೆ ಎಂದರೆ ಹಳ್ಳಿಯ ರೈತನಿಗೂ ಅರ್ಥವಾಗುತ್ತದೆ. ಆದರೆ ಅದು ಸ್ನಾಯುವನ್ನು ಗುರುತಿಸಲಷ್ಟೇ, ದಿನವೂ ಹಾಗೆ ಮಾಡಬಾರದು ಎಂಬುದನ್ನೂ ಜೊತೆಗೇ ಹೇಳಬೇಕು. ನಮ್ಮ ಹಠಯೋಗದಲ್ಲಿ ಮೂಲಬಂಧ, ಅಶ್ವಿನಿ ಮುದ್ರೆಗಳಿವೆ, ಈ ಅಭ್ಯಾಸ ಇಲ್ಲಿಗೆ ಪರಕೀಯವೇನಲ್ಲ. ಹಾಗೆಂದು ಯೋಗ ಶಿಬಿರದ ಕಡೆಗೆ ಕೈ ತೋರಿಸಿ ಆಸ್ಪತ್ರೆ ಕೈ ತೊಳೆದುಕೊಳ್ಳುವಂತಿಲ್ಲ.

ಯಾಕೆಂದರೆ ಕೆಲವರಿಗೆ ಬಿಗಿಯುವ ವ್ಯಾಯಾಮವೇ ಕೆಡುಕು. ಮನವಿದಾರರಲ್ಲಿ ಮೂವತ್ತೊಂದು ವರ್ಷದ, ಕಂಪ್ಯೂಟರ್ ಮುಂದೆ ಕೂತು ದುಡಿಯುವ ಹುಡುಗನೊಬ್ಬನಿದ್ದಾನೆ. ಕೂತರೆ ಅಂಡದ ಹಿಂದೆ ನೋವು, ಉಚ್ಚೆಗೆ ಅವಸರ. ಪ್ರಾಸ್ಟೇಟಿಗೆ ಸೋಂಕೆಂದು ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಿದ. ಮೂತ್ರದ ಕಲ್ಚರ್ ವರದಿಗಳಲ್ಲಿ ಒಮ್ಮೆಯೂ ರೋಗಾಣು ಕಾಣಲಿಲ್ಲ. ಪ್ರಾಸ್ಟಟೈಟಿಸ್ ಎಂದು ಕರೆಸಿಕೊಳ್ಳುವ ಪ್ರಕರಣಗಳಲ್ಲಿ ಬಹುಪಾಲು ಹೀಗೆ ಸೋಂಕಿಲ್ಲದವೇ, ಮತ್ತು ಅವುಗಳಲ್ಲಿ ಅನೇಕ ಸಲ ಶ್ರೋಣಿತಳ ಸಡಿಲವಾಗದೆ ಗಂಟುಕಟ್ಟಿರುತ್ತದೆ. ಅಂಥ ಸ್ನಾಯುವನ್ನು ಇನ್ನಷ್ಟು ಬಿಗಿಸಿದರೆ ನೋವು ಹೆಚ್ಚುತ್ತದೆ. ಬೇಕಾದದ್ದು ಸಡಿಲಿಸುವ ಚಿಕಿತ್ಸೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಭಾಗದ ಗಂಟುಗಳನ್ನು ಕೈಯಿಂದ ಬಿಡಿಸುವ ಫಿಸಿಯೋಥೆರಪಿ ಪಡೆದವರಲ್ಲಿ ಶೇಕಡಾ 57 ಮಂದಿಗೆ ಗುಣ ಕಂಡಿತು; ಮೈಗೆ ಬರೀ ಮಸಾಜು ಮಾಡಿಸಿಕೊಂಡವರಲ್ಲಿ ಶೇಕಡಾ 21 ಮಂದಿಗೆ. ಬಿಗಿಸಬೇಕೋ ಸಡಿಲಿಸಬೇಕೋ ಎಂಬುದನ್ನು ಮುಟ್ಟಿ ನೋಡಿ ಹೇಳುವ ಕೈ ಬೇಕು. ಅಂಥ ಕೈ ಫಿಸಿಯೋಥೆರಪಿಸ್ಟರದು; ಅವರನ್ನು 2021ರ ರಾಷ್ಟ್ರೀಯ ಕಾಯ್ದೆ ಆರೋಗ್ಯ ವೃತ್ತಿಪರರೆಂದು ಗುರುತಿಸಿರುವುದು ಸಮಿತಿಗೆ ತಿಳಿದೇ ಇದೆ, ವಿವರಿಸಬೇಕಿಲ್ಲ.

ಆದ್ದರಿಂದ ಮನವಿದಾರರ ಮುಖ್ಯ ಬೇಡಿಕೆ ಒಂದೇ. ಪ್ರಾಸ್ಟೇಟ್ ಆಪರೇಷನ್ ನಿಗದಿಯಾದ ಪ್ರತಿ ಪುರುಷನನ್ನೂ ಆಪರೇಷನ್ನಿಗೆ ಮೊದಲೊಮ್ಮೆ, ಪೈಪು ತೆಗೆದ ಮೇಲೆ ಮೂರು ತಿಂಗಳು, ತರಬೇತಿ ಪಡೆದ ಫಿಸಿಯೋಥೆರಪಿಸ್ಟರ ಬಳಿಗೆ ಕಳಿಸುವುದನ್ನು ಕಡ್ಡಾಯ ಮಾಡಿ, ಪೈಪು ತೆಗೆದ ಮೇಲಿನದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಯಬೇಕು. ಅದಕ್ಕಾಗಿ ವಾರಕ್ಕೆ ಎರಡು ಮಧ್ಯಾಹ್ನ ಪುರುಷರಿಗೆಂದೇ ಬಾಗಿಲಿರುವ ಒಂದು ಕೋಣೆ ಬಿಟ್ಟುಕೊಡಬೇಕು. ಗಂಡಸಿನ ಚಿತ್ರವಿರುವ ಕನ್ನಡ ಕೈಪಿಡಿ ಅಚ್ಚು ಹಾಕಿಸಬೇಕು. ಅದರ ಕರಡನ್ನು ಮೇಷ್ಟ್ರು ಬರೆದಿದ್ದಾರೆ, ಅಡಕ 6 ನೋಡಬಹುದು.

ಇವುಗಳ ಜೊತೆಗೆ ಇನ್ನೂ ಕೆಲವು ಕೋರಿಕೆಗಳಿವೆ. ಗಂಡಸರ ಶೌಚಾಲಯದ ಒಳಗೆ ಮುಚ್ಚಳವಿರುವ ಕಸದ ಬುಟ್ಟಿ ಇಡಬೇಕು, ಬ್ರಿಟನ್ನಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ ಸಂಸ್ಥೆ ಇದಕ್ಕಾಗಿಯೇ ಅಭಿಯಾನ ನಡೆಸಿದೆ. ಒಪಿಡಿ ಸಾಲಿನಲ್ಲಿ ಬೆಂಚು ಹಾಕಿಸಬೇಕು, ಫ್ಯಾನು ರಿಪೇರಿಯಾಗಬೇಕು. ಸ್ಯಾನಿಟರಿ ನ್ಯಾಪ್‌ಕಿನ್ ಮೇಲಿನ ಜಿಎಸ್‌ಟಿ 2018ರ ಜುಲೈನಲ್ಲಿ ರದ್ದಾದಂತೆ ವಯಸ್ಕರ ಡೈಪರ್ ಮೇಲಿನದೂ ರದ್ದಾಗಲೆಂದು ಸಮಿತಿ ಒಂದು ನಿರ್ಣಯ ಮಾಡಿ ಮೇಲಕ್ಕೆ ಕಳಿಸಿದರೆ ಉಪಕಾರ. ಮನವಿದಾರರಲ್ಲಿ ಇಬ್ಬರು ನಿವೃತ್ತ ಬಸ್ ಚಾಲಕರು ಬೇರೆ ದಾರಿ ಕಾಣದೆ ಖಾಸಗಿಯಾಗಿ ಪಡೆದ ಚಿಕಿತ್ಸೆಯ ರಸೀದಿಗಳನ್ನು ಲಗತ್ತಿಸಿದ್ದಾರೆ, ಸಮಿತಿಯ ನಿಧಿಯಿಂದ ಅವರಿಗೆ ನೆರವಾಗಬೇಕು. ಗುತ್ತಿಗೆಯ ಮೇಲಿರುವ ತರುಣ ಫಿಸಿಯೋಥೆರಪಿಸ್ಟರೊಬ್ಬರು ತಮ್ಮದೇ ಖರ್ಚಿನಲ್ಲಿ ಈ ವಿಷಯದ ತರಬೇತಿ ಪಡೆದು, ಕೆಲಸದ ವೇಳೆ ಮುಗಿದ ಮೇಲೆ ನಾಲ್ಕು ಜನರಿಗೆ ಹೇಳಿಕೊಟ್ಟರು. ಅವರ ಗುತ್ತಿಗೆ ಮುಂದುವರಿಸಬೇಕು. ಅವರು ಮನವಿದಾರರಲ್ಲಿ ಒಬ್ಬರ ಸೋದರಳಿಯ. ಈ ಕೋರಿಕೆ ಅದಕ್ಕಾಗಿ ಅಲ್ಲ, ಅವರ ಕೆಲಸಕ್ಕಾಗಿ.

ಅವರ ಬಳಿ ಕಲಿತ ಆ ನಾಲ್ವರಲ್ಲಿ ಮೇಷ್ಟ್ರೂ ಒಬ್ಬರು. ಆರು ವಾರ ಸರಿಯಾಗಿ ಅಭ್ಯಾಸ ಮಾಡಿದ ಮೇಲೆ ಅವರಿಗೆ ದಿನಕ್ಕೆ ಐದು ಮಡಿಕೆ ಬೇಕಿದ್ದ ಬಟ್ಟೆ ಈಗ ಒಂದಕ್ಕೆ ಇಳಿದಿದೆ. ಸಮಿತಿಯ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಕಾರ್ಯಸೂಚಿಗೆ ಸೇರಿಸಿ, ಮನವಿದಾರರಿಗೆ ಹತ್ತು ನಿಮಿಷ ಮಾತನಾಡಲು ಅವಕಾಶ ಕೊಟ್ಟು, ಈ ಸಲವಾದರೂ ಲಿಖಿತ ಉತ್ತರ ನೀಡಬೇಕೆಂದು ವಿನಂತಿ. ಹೇಳಬೇಕಾದದ್ದನ್ನು ಮೇಷ್ಟ್ರೇ ಬಂದು ಹೇಳುತ್ತಾರೆ.

ತಮ್ಮ ವಿಶ್ವಾಸಿಗಳು,
(ಮನವಿದಾರರ ಸಹಿಗಳು)
ಅಡಕಗಳು: 1ರಿಂದ 6, ಮತ್ತು ರಸೀದಿಗಳು