ಗೋಡೆಯೊಳಗಿನ ತಂತಿ

ಗೃಹಪ್ರವೇಶಕ್ಕೆ ಬಂದ ನೆಂಟರಿಷ್ಟರು ಹೊಸ ಮನೆಯನ್ನು ಸುತ್ತಿ ನೋಡುವ ರೀತಿಯೇ ಒಂದು ಸೊಗಸು. ಮುಂಬಾಗಿಲಿನ ತೇಗವನ್ನು ತಟ್ಟಿ ನೋಡುವವರು ಕೆಲವರು; ನೆಲಹಾಸಿನ ಬೆಲೆಯನ್ನು ವಿಚಾರಿಸುವವರು ಕೆಲವರು; ಒಲೆ ಯಾವ ದಿಕ್ಕಿಗಿದೆಯೆಂದು ಪರೀಕ್ಷಿಸುವ ಹಿರಿಯರು ಒಬ್ಬರಾದರೂ ಇದ್ದೇ ಇರುತ್ತಾರೆ. ಆದರೆ, “ಗೋಡೆಯೊಳಗೆ ವಿದ್ಯುತ್ ತಂತಿ ಎಳೆದವರು ಯಾರು? ಅವರಿಗೆ ಲೈಸೆನ್ಸು ಉಂಟೆ?” ಎಂದು ಕೇಳುವ ಅತಿಥಿಯನ್ನು ಕಂಡ ಯಜಮಾನರು ಅಪರೂಪ.

ಕಣ್ಣಿಗೆ ಕಾಣದ ಕೆಲಸದ ಹಣೆಬರಹವೇ ಇದು. ಬೆಂಗಳೂರಿನ ಬೀದಿಗಳಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ದೀಪ ಬೆಳಗಿದುದು 1905ರಲ್ಲಿ. ಆ ಬಳಿಕ ಬಹುಕಾಲ ಮನೆಗಳಲ್ಲಿ ತಂತಿಯು ಮರದ ಪಟ್ಟಿಯ ಮೇಲೆ, ಗೋಡೆಯ ಹೊರಗೇ, ಎಲ್ಲರ ಕಣ್ಣೆದುರಿಗೆ ಸಾಗುತ್ತಿದ್ದಿತು. ಹೊದಿಕೆ ಬಿರುಕು ಬಿಟ್ಟರೆ ಕಾಣುತ್ತಿದ್ದಿತು. ಈಗಲಾದರೋ ಗೋಡೆಯನ್ನು ಕೊರೆದು, ಪೈಪು ಹುದುಗಿಸಿ, ಮೇಲೆ ಗಾರೆ ಮೆತ್ತಿ ಬಣ್ಣ ಬಳಿಯುತ್ತಾರೆ. ಒಳಗೊಂದು ತಪ್ಪು ಉಳಿದರೆ ಅದು ಮನೆಯವರೊಡನೆ ವರ್ಷಗಟ್ಟಲೆ ಮೌನವಾಗಿ ಸಂಸಾರ ಮಾಡುತ್ತದೆ.

ನಗರದ ಯಾವ ಬಡಾವಣೆಯಲ್ಲಾದರೂ ಇರಬಹುದಾದ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗನ ಮದುವೆ ನಿಶ್ಚಯವಾಗಿದೆ. ಮೇಲೊಂದು ಅಂತಸ್ತು ಏಳುತ್ತಿದೆ. ಕೈಯಲ್ಲಿದ್ದ ಹಣ ಕರಗುತ್ತಿದೆ. ಗಾರೆ ಮೇಸ್ತ್ರಿ ತರುಣನೊಬ್ಬನನ್ನು ಮುಂದೆ ನಿಲ್ಲಿಸುತ್ತಾನೆ.

“ನಮ್ಮ ಹುಡುಗನೇ ಸ್ವಾಮಿ. ಹತ್ತು ಮನೆ ಕೆಲಸ ಮಾಡಿದ್ದಾನೆ. ಕಾಗದಕ್ಕೆ ಬೇಕಾದರೆ ಲೈಸೆನ್ಸಿನವರ ರುಜು ಹಾಕಿಸಿಕೊಡೋಣ. ತಾವು ಯೋಚನೆ ಮಾಡಬೇಡಿ.”

ಯಜಮಾನರು ಯೋಚನೆ ಮಾಡುವುದಿಲ್ಲ. ದೀಪ ಹತ್ತುತ್ತದೆ, ಪಂಖ ತಿರುಗುತ್ತದೆ, ಮದುವೆಯೂ ಆಗುತ್ತದೆ. ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹೊಸ ಸೊಸೆ ಅತ್ತೆಯ ಬಳಿ ಬಂದು ಸಂಕೋಚದಿಂದ ಹೇಳುತ್ತಾಳೆ: “ಅತ್ತೆ, ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತೆ.” ಮಾತು ಮಾವನವರ ಕಿವಿಗೆ ಬೀಳುತ್ತದೆ. “ಒದ್ದೆ ಕೈಯಲ್ಲವೆ, ಹಾಗೇ ಇರುತ್ತೆ” ಎಂದು ಅವರು ಪತ್ರಿಕೆಯ ಪುಟ ತಿರುವುತ್ತಾರೆ.

ಹಾಗೆ ಇರತಕ್ಕದ್ದಲ್ಲ. ನಲ್ಲಿ ಜುಮ್ಮೆನ್ನುವುದು ಗೀಸರಿನೊಳಗಿನ ವಿದ್ಯುತ್ತು ಹೊರಗೆ ಸೋರುತ್ತಿದೆಯೆಂಬುದರ ಮುನ್ಸೂಚನೆ. ಮೂರು ಕಣ್ಣಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ಕಣ್ಣು ಇರುವುದೇ ಈ ಸೋರಿಕೆಯನ್ನು ಅರ್ತ್ ತಂತಿಯ ಮೂಲಕ ನಿರಪಾಯವಾಗಿ ಸಾಗಿಸುವುದಕ್ಕೆ. ಆ ಕಣ್ಣಿನ ಹಿಂದೆ ತಂತಿಯನ್ನೇ ಜೋಡಿಸದಿದ್ದರೂ ಗೀಸರು ನೀರು ಕಾಯಿಸುತ್ತದೆ; ಮನೆಯವರಿಗೆ ಯಾವ ಕೊರತೆಯೂ ತೋರುವುದಿಲ್ಲ. ಸೋರಿಕೆ ಹೆಚ್ಚಾದ ದಿನ, ಇಲ್ಲದ ತಂತಿಯ ಕೆಲಸವನ್ನು ನಲ್ಲಿ ಮುಟ್ಟಿದವರ ದೇಹ ಮಾಡಬೇಕಾಗುತ್ತದೆ.

“ಎಂ.ಸಿ.ಬಿ. ಇದೆಯಲ್ಲ, ತಾನೇ ಬಿದ್ದುಕೊಳ್ಳುತ್ತದೆ” ಎಂಬ ಧೈರ್ಯ ಹಲವರದು. ದೇಹದ ಮೂಲಕ 30 ಮಿಲಿಆಂಪಿಯರಿಗಿಂತ ಹೆಚ್ಚು ವಿದ್ಯುತ್ತು ತುಸು ಹೊತ್ತು ಹರಿದರೂ ಪ್ರಾಣಾಪಾಯ ಒದಗಬಹುದು. 16 ಆಂಪಿಯರಿನ ಎಂ.ಸಿ.ಬಿ. ಬೀಳುವುದಕ್ಕೆ ಅದರ ಐನೂರು ಪಟ್ಟಿಗೂ ಮೀರಿದ ವಿದ್ಯುತ್ತು ಬೇಕು. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಈ ಭೇದವನ್ನು ಅರಿತವರ ಕೈಗೆ ಕೆಲಸ ಒಪ್ಪಿಸಬೇಕೆಂಬುದೇ ಕಾನೂನಿನ ಆಶಯ.

ಮನೆಯ ಬಲ್ಬು, ಪಂಖ, ಸ್ವಿಚ್ಚುಗಳಂಥವು ಕೆಟ್ಟಾಗ ಅದೇ ಬಗೆಯವನ್ನು ಬದಲಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಹೊಸ ವೈರಿಂಗ್, ವಿಸ್ತರಣೆ, ಮಾರ್ಪಾಡುಗಳು ಮಾತ್ರ ಸರಕಾರದ ಲೈಸೆನ್ಸು ಪಡೆದ ಗುತ್ತಿಗೆದಾರರಿಂದಲೇ, ಅರ್ಹತಾಪತ್ರವುಳ್ಳ ಮೇಲ್ವಿಚಾರಕರ ಕಣ್ಣೆದುರಿಗೆ, ಪರ್ಮಿಟ್ ಹೊಂದಿದ ವೈರ್‌ಮನ್‌ಗಳ ಕೈಯಿಂದ ಆಗತಕ್ಕದ್ದು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಇದ್ದ ಈ ಕಟ್ಟಳೆಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಉಳಿಸಿಕೊಂಡಿವೆ. ಕರ್ನಾಟಕದಲ್ಲಿ ಇಂಥ ಲೈಸೆನ್ಸು, ಪರ್ಮಿಟ್‌ಗಳ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು.

ಮೇಸ್ತ್ರಿ ತರಿಸಿಕೊಡುವೆನೆಂದ ರುಜುವಿನ ದೋಷವಿರುವುದು ಇಲ್ಲಿಯೇ. ಕೆಲಸವನ್ನು ಕಾಣದವರ ರುಜು ಕಚೇರಿಯ ಕಡತವನ್ನು ತುಂಬಬಲ್ಲುದು. ಗೋಡೆಯೊಳಗಿನ ತಂತಿಯನ್ನು ಜೋಡಿಸಲಾರದು. ಆದುದರಿಂದ ಗೃಹಸ್ಥರು ಹುಡುಕಬೇಕಾದುದು ಲೈಸೆನ್ಸಿನ ಕಾಗದವನ್ನಲ್ಲ. ಲೈಸೆನ್ಸಿನೊಡನೆ ತಾವೂ ಕೆಲಸದ ಸ್ಥಳಕ್ಕೆ ಬರುವವರನ್ನು.

ಹುಡುಕುವ ಕ್ರಮವೇನೂ ಕಠಿನವಲ್ಲ. ಇತ್ತೀಚೆಗೆ ಮನೆ ಕಟ್ಟಿಸಿದ ಪರಿಚಿತರನ್ನು, ಮನೆಯ ನಕ್ಷೆ ಮಾಡಿದ ಎಂಜಿನಿಯರನ್ನು ಕೇಳಬಹುದು. ಹೆಸರು ದೊರೆತ ಮೇಲೆ ಮೂಲ ಲೈಸೆನ್ಸನ್ನು ತೋರಿಸುವಂತೆ ವಿನಯದಿಂದಲೇ ಕೋರಬೇಕು. ಅದರ ಅವಧಿ ಮುಗಿದಿಲ್ಲವಷ್ಟೆ ಎಂದು ನೋಡಬೇಕು. ಸಂದೇಹವಿದ್ದರೆ ಪರಿವೀಕ್ಷಣಾಲಯದಲ್ಲಿ ವಿಚಾರಿಸಬಹುದು. ನಿಜವಾದ ಕಸುಬುದಾರರು ಇದಕ್ಕೆ ಮುನಿಯುವುದಿಲ್ಲ. ಗಾರೆಯ ಗುತ್ತಿಗೆಯೊಳಗೆ ವಿದ್ಯುತ್ತಿನ ಕೆಲಸವನ್ನು ಬೆರೆಸದೆ ಬೇರೆಯಾಗಿಯೇ ಒಪ್ಪಂದ ಮಾಡಿಕೊಳ್ಳುವುದು ಲೇಸು. ಮೇಲ್ವಿಚಾರಕರು ಯಾವ ಯಾವ ಹಂತದಲ್ಲಿ ಬಂದು ನೋಡುವರೆಂಬುದನ್ನು ಅದರಲ್ಲಿ ಬರೆದಿರಬೇಕು.

ಗಾರೆ ಮೆತ್ತುವ ಮುನ್ನ ಮನೆಯವರೂ ಒಮ್ಮೆ ನಿಂತು ನೋಡಬೇಕು. ತಂತಿಯ ಮೇಲೆ ಐ.ಎಸ್.ಐ. ಗುರುತಿದೆಯೇ, ಹಸಿರು ಬಣ್ಣದ ಅರ್ತ್ ತಂತಿ ಪ್ರತಿಯೊಂದು ಸಾಕೆಟ್ಟಿಗೂ ಬಂದಿದೆಯೇ, ಅಲ್ಲಿಂದ ಅಂಗಳದ ಅರ್ತ್ ಗುಂಡಿಯವರೆಗೆ ಅಖಂಡವಾಗಿ ಹೋಗಿದೆಯೇ ಎಂಬುದನ್ನು ಯಾರಾದರೂ ಕೇಳಿ ತಿಳಿಯಬಹುದು. ಪೈಪುಗಳು ಹಾದುಹೋದ ಗೋಡೆಗಳ ಚಿತ್ರವನ್ನು ಕೈಯಲ್ಲಿರುವ ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವಾಗ ಉಪಕಾರವಾಗುತ್ತದೆ. ವಿದ್ಯುತ್ ಸಂಪರ್ಕ ಕೊಡುವ ಮೊದಲು ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟು ಹಾಯಿಸಿ ತಂತಿಯ ಹೊದಿಕೆಯನ್ನು ಪರೀಕ್ಷಿಸುತ್ತಾರೆ. ಒಂದು ಮೆಗ್‌ಓಮಿಗಿಂತ ಕಡಮೆ ಬರಕೂಡದು. ಆ ಅಂಕೆಯನ್ನು ಬರೆದ ವರದಿಯ ಒಂದು ಪ್ರತಿ ಮನೆಯ ಕಾಗದಪತ್ರಗಳ ಜೊತೆಯಲ್ಲಿರಲಿ.

ಇಷ್ಟಕ್ಕೂ ಕೆಲವು ಸಾವಿರ ಹೆಚ್ಚು ತಗಲೀತು; ಮುಂಬಾಗಿಲಿನ ಕೆತ್ತನೆಯಲ್ಲಿ ಒಂದೆರಡು ಹೂ ಬಳ್ಳಿ ಕಡಮೆಯಾದೀತು. ಊಹೆಯ ಆ ಮನೆಯಲ್ಲಿ ಅತ್ತೆಯವರು ಸುಮ್ಮನಿರಲಿಲ್ಲವೆಂದೂ ಇಟ್ಟುಕೊಳ್ಳೋಣ. ಅಂದೇ ಗೀಸರಿನ ಸ್ವಿಚ್ಚು ಆರಿಸಿ, ಲೈಸೆನ್ಸಿನವರನ್ನು ಕರೆಸಿ, ಹೊಸ ಟೈಲುಗಳನ್ನು ಒಡೆಸಿಯಾದರೂ ತಂತಿ ಹಾಕಿಸಿದರು. ಹೋಗುವಾಗ ಗುತ್ತಿಗೆದಾರರು ಎರಡು ಮಾತು ಹೇಳಿದರು: ಆರ್.ಸಿ.ಸಿ.ಬಿ.ಯ ಪರೀಕ್ಷಾಗುಂಡಿಯನ್ನು ಆಗಾಗ ಒತ್ತಿ ನೋಡುವುದು. ಬೇಸಗೆಯಲ್ಲಿ ಮಣ್ಣು ಒಣಗಿದರೆ ಅರ್ತ್ ಗುಂಡಿಯ ಶಕ್ತಿ ಕುಂದುವುದರಿಂದ ಅದಕ್ಕೆ ನೀರು ಹೊಯ್ಯುವುದು.

ಎರಡನೆಯ ಕೆಲಸವನ್ನು ಸೊಸೆ ತಾನೇ ವಹಿಸಿಕೊಂಡಳು. ಬೆಳಗ್ಗೆ ತುಳಸಿಗೆ ನೀರೆರೆದ ಮೇಲೆ ಮೂಲೆಯ ಆ ಗುಂಡಿಗೂ ಒಂದು ಕೊಡ ನೀರು ಸಲ್ಲುತ್ತದೆ.