ಮನೆ ಗೆಲ್ಲಬೇಕಾದವರು ಯಾರು?

ಸನ್ಮಾನ ಸಮಾರಂಭಗಳಲ್ಲಿ ಓದುವ ಬಿನ್ನವತ್ತಳೆಗಳಿಗೆ ಒಂದು ಸಿದ್ಧ ಅಚ್ಚು ಉಂಟು. ಸನ್ಮಾನಿತರು ಗಂಡಸಾದರೆ ಅವರ ವಿದ್ವತ್ತು, ಕಾರ್ಯದಕ್ಷತೆ, ಸಂಸ್ಥೆಗಾಗಿ ಪಟ್ಟ ಶ್ರಮ, ಇಷ್ಟನ್ನು ವರ್ಣಿಸಿದರೆ ಮುಗಿಯಿತು. ಹೆಂಗಸಾದರೆ ಇದೆಲ್ಲವನ್ನೂ ಹೇಳಿದ ಮೇಲೆ ಇನ್ನೊಂದು ವಾಕ್ಯ ಬಂದೇ ತೀರಬೇಕು: “ಮನೆ, ಕಚೇರಿ ಎರಡನ್ನೂ ಸರಿದೂಗಿಸಿದ ಸದ್ಗೃಹಿಣಿ.” ಆಕೆ ಪ್ರಾಂಶುಪಾಲರಾಗಿರಲಿ, ಜಿಲ್ಲಾಧಿಕಾರಿಯಾಗಿರಲಿ, ಬ್ಯಾಂಕಿನ ಮುಖ್ಯಸ್ಥರಾಗಿರಲಿ, ಈ ವಾಕ್ಯ ತಪ್ಪದು. ಸಭೆಯಲ್ಲಿ ಗಟ್ಟಿಯಾದ ಚಪ್ಪಾಳೆ ಬೀಳುವುದೂ ಇದಕ್ಕೇ. ಈ ಚಪ್ಪಾಳೆಗೆ ನನ್ನ ಆಕ್ಷೇಪಣೆ ಇದೆ. ಇದು ಹೊಗಳಿಕೆಯ ವೇಷ ಹಾಕಿಕೊಂಡು ಬಂದಿರುವ ಷರತ್ತು ಎಂಬುದು ನನ್ನ ವಾದ.

ಇಂಥ ಸಭೆಗಳಲ್ಲಿ ‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಗಾದೆಯನ್ನೂ ಯಾರಾದರೊಬ್ಬರು ಉದ್ಧರಿಸುತ್ತಾರೆ. ಕನ್ನಡ ಪಾಠ ಹೇಳುವುದು ನನ್ನ ವೃತ್ತಿಯಾದ್ದರಿಂದ ಇದರ ವ್ಯಾಕರಣವನ್ನು ಕುರಿತು ಒಂದು ಮಾತು ಹೇಳಿದರೆ ಅಧಿಕಪ್ರಸಂಗವಾಗಲಾರದು. ‘ಬಂದನು’, ‘ಬಂದಳು’ ಎಂದು ಪ್ರಥಮಪುರುಷದಲ್ಲಿ ನಮ್ಮ ಕ್ರಿಯಾಪದಕ್ಕೆ ಲಿಂಗಭೇದವುಂಟು, ಮಧ್ಯಮಪುರುಷದಲ್ಲಿ ಇಲ್ಲ. ‘ಗೆಲ್ಲು’ ಎಂದರೆ ಎದುರಿಗಿರುವವರು ಯಾರೋ ಅವರು ಗೆಲ್ಲಬೇಕು, ಅಣ್ಣನಾದರೂ ಸರಿಯೆ, ಅಕ್ಕನಾದರೂ ಸರಿಯೆ. ಗಾದೆ ಮಾಡಿದ ಹಿರಿಯರು ಭೇದವೆಣಿಸಲಿಲ್ಲ. ಬಳಸುವ ನಾವು ಎಣಿಸಿದೆವು. ಗಂಡಸು ಮನೆಯನ್ನು ಗೆಲ್ಲದೆಯೇ ನೇರವಾಗಿ ಮಾರಿಗೆ ಹೊರಡಬಹುದು. ಹೆಂಗಸು ಮಾತ್ರ ಮೊದಲು ಮನೆಯಿಂದ ರಹದಾರಿ ಪಡೆದುಕೊಂಡು ಬರಬೇಕು.

ಈ ಷರತ್ತು ಒಂದು ಕಾಲಕ್ಕೆ ಬಾಯಿಮಾತಲ್ಲ, ಬರಹದಲ್ಲಿದ್ದ ಕಾನೂನು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರ ಕಥೆಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆದರೂ ಮತ್ತೆ ನೆನೆಯುವುದು ಒಳ್ಳೆಯದು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಆಸರೆಯಲ್ಲಿ ಓದಿ, 1949ರಲ್ಲಿ ಭಾರತದ ವಿದೇಶಾಂಗ ಸೇವೆಯನ್ನು ಸೇರಿದ ಮೊದಲನೆಯ ಮಹಿಳೆ ಅವರು. ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಮುಂದೆ 1961ರ ನಿಯಮಾವಳಿ ಇದನ್ನು ಇನ್ನಷ್ಟು ಅಚ್ಚುಕಟ್ಟು ಮಾಡಿತು. ಸೇವೆಯಲ್ಲಿರುವ ಮಹಿಳೆ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕು. ಮದುವೆಯಾದ ಮೇಲೆ, ಆಕೆಯ ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಮನದಟ್ಟಾದರೆ ರಾಜೀನಾಮೆ ಕೇಳಬಹುದು. ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕೇ ಇಲ್ಲವೆಂದು ಇನ್ನೊಂದು ನಿಯಮ. ಗಂಡಸರಿಗೂ ಹೆಂಡತಿ ಮಕ್ಕಳಿದ್ದರು; ಅವರಿಗೆ ಈ ಯಾವ ಕಟ್ಟಳೆಯೂ ಇರಲಿಲ್ಲ.

ಮುತ್ತಮ್ಮನವರು ಮದುವೆಯಾಗಲಿಲ್ಲ. ಅದು ಅವರ ಸ್ವಂತ ವಿಚಾರ. ಅದಕ್ಕೆ ಕಾರಣ ಹುಡುಕುವ ಅಧಿಕಾರ ನಮಗಿಲ್ಲ. ಆದರೆ ಸಂಸಾರವೇ ಇಲ್ಲದ ಹೆಣ್ಣಿಗೂ ಬಡ್ತಿ ಸಲೀಸಾಗಲಿಲ್ಲ ಎಂಬುದನ್ನು ಗಮನಿಸಬೇಕು. 1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿದ್ದವರು, ಸೇವೆಯ ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅರ್ಜಿ ಕೋರ್ಟಿನಲ್ಲಿದ್ದಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಬಡ್ತಿ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು. ಆದರೆ ನಿಯಮಗಳಿಗೆ ಛೀಮಾರಿ ಬಿತ್ತು. ಸಂಸಾರದ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಗಂಡಸಿನ ಕೆಲಸಕ್ಕೂ ಆಗಬಹುದಲ್ಲ ಎಂಬುದು ಅವರ ಸರಳವಾದ ಪ್ರಶ್ನೆ. ಒಂದು ನಿಯಮವನ್ನು ತೆಗೆದುಹಾಕಿದ್ದೇವೆ, ಇನ್ನೊಂದನ್ನು ತೆಗೆಯುತ್ತಿದ್ದೇವೆ ಎಂದು ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು.

ಕಡತದಿಂದ ನಿಯಮ ಹೋಯಿತು. ಮನಸ್ಸಿನಿಂದ ಹೋಯಿತೆ? ಹೋಗಿದ್ದರೆ ಮೇಲೆ ಹೇಳಿದ ವಾಕ್ಯಕ್ಕೆ ಚಪ್ಪಾಳೆ ಬೀಳುತ್ತಿರಲಿಲ್ಲ. ‘ಸಂಸಾರ ಅಡ್ಡಿಯಾದರೆ ನೀನು ಹೊರಡು’ ಎಂದು ಹಳೆಯ ನಿಯಮ ಹೇಳುತ್ತಿತ್ತು. ‘ಸಂಸಾರ ಅಡ್ಡಿಯಾಗದಂತೆ ನೋಡಿಕೊಂಡೆ, ಭೇಷ್’ ಎಂದು ಹೊಸ ಹೊಗಳಿಕೆ ಹೇಳುತ್ತದೆ. ಸಂಸಾರ ಹೆಂಗಸಿನ ಹೊಣೆ ಎಂಬ ವಿಷಯದಲ್ಲಿ ಇವೆರಡಕ್ಕೂ ಭಿನ್ನಾಭಿಪ್ರಾಯವಿಲ್ಲ. ಹೊಗಳಿಕೆಯೇ ಹೆಚ್ಚು ಅಪಾಯಕಾರಿ ಎಂದು ನನಗೆ ತೋರುತ್ತದೆ. ನಿಯಮವಿದ್ದರೆ ಕೋರ್ಟಿಗೆ ಹೋಗಬಹುದು. ಹೊಗಳಿಕೆಯ ಮೇಲೆ ಯಾರು ದಾವೆ ಹೂಡಿಯಾರು?

ಅದು ಕೆಲಸ ಮಾಡುವ ಬಗೆಯನ್ನು ಅಧ್ಯಾಪಕರ ಕೊಠಡಿಯಲ್ಲಿ ನಾನು ಬಹುಕಾಲದಿಂದ ನೋಡುತ್ತಿದ್ದೇನೆ. ಕಾಲೇಜಿಗೆ ಮೌಲ್ಯಮಾಪನ ಸಮಿತಿ ಬರುತ್ತದೆಂದಾಗ ಅದರ ಸಂಚಾಲಕರು ಯಾರಾಗಬೇಕೆಂಬ ಪ್ರಶ್ನೆ ಏಳುತ್ತದೆ. ಸಂಜೆ ಏಳರವರೆಗೆ ಕೂರಬೇಕು, ಊರೂರು ತಿರುಗಬೇಕು. “ಆ ಮೇಡಂಗೆ ಮಕ್ಕಳು ಚಿಕ್ಕವರು, ಪಾಪ, ಯಾಕೆ ತೊಂದರೆ ಕೊಡೋದು?” ಎಂದು ಒಬ್ಬರು ಕನಿಕರದಿಂದ ಹೇಳುತ್ತಾರೆ. ಮೇಡಂ ಅವರನ್ನು ಯಾರೂ ಕೇಳುವುದಿಲ್ಲ. ಅವರಿಗೆ ಸ್ವಾಗತ ಸಮಿತಿ, ಪ್ರಾರ್ಥನೆ, ರಂಗೋಲಿ. ಅವರಷ್ಟೇ ಚಿಕ್ಕ ಮಕ್ಕಳಿರುವ ಮೇಷ್ಟರಿಗೆ ಸಂಚಾಲಕತ್ವ. ಐದು ವರ್ಷ ಕಳೆದು ಪ್ರಾಂಶುಪಾಲರ ಕುರ್ಚಿ ತೆರವಾದಾಗ, “ಮೇಡಂಗೆ ಆಡಳಿತದ ಅನುಭವ ಸಾಲದು” ಎಂಬ ಮಾತು ಹೊರಡುತ್ತದೆ. ಮಾತು ಸುಳ್ಳಲ್ಲ, ಅನುಭವ ನಿಜವಾಗಿಯೂ ಸಾಲದು. ಅನುಭವ ಬಾರದ ಹಾಗೆ ಮಾಡಿದ್ದು ಅಂದಿನ ಕನಿಕರ. ಇಲ್ಲಿ ದುಷ್ಟರು ಯಾರೂ ಇಲ್ಲ, ಎಲ್ಲರೂ ಒಳ್ಳೆಯವರೇ. ಒಳ್ಳೆಯವರೆಲ್ಲ ಸೇರಿ ಹೆಣ್ಣುಮಗಳೊಬ್ಬಳನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸುವ ರೀತಿ ಇದು.

ಕಾಲ ಬದಲಾಗಿದೆ, ಈಗಿನ ಗಂಡಂದಿರು ಕುಕ್ಕರ್ ಇಡುತ್ತಾರೆ, ಮಕ್ಕಳನ್ನು ಶಾಲೆಗೆ ಬಿಡುತ್ತಾರೆ ಎನ್ನುವವರಿದ್ದಾರೆ. ಬಿಡಲಿ, ಸಂತೋಷ. ಆದರೆ ಲೆಕ್ಕ ಬೇರೆ ಹೇಳುತ್ತದೆ. ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಭಾರತ ಸರ್ಕಾರ 2019ರಲ್ಲಿ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ದಿನದಲ್ಲಿ ಒಮ್ಮೆಯಾದರೂ ಕೈ ಹಚ್ಚಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಾಗೆ ಕೈ ಹಚ್ಚಿದವರಲ್ಲೂ ಹೆಂಗಸು ದುಡಿದದ್ದು ಸರಾಸರಿ 299 ನಿಮಿಷ, ಗಂಡಸು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ಹೆಂಗಸಿನ ಪಾಲು 289 ನಿಮಿಷಕ್ಕೆ ಇಳಿದಿತ್ತು. ಗಂಡಸಿನದು ಏರಿತೆ? ಇಲ್ಲ, ಅದೂ ಇಳಿದು 88 ಆಯಿತು. ಆಕೆಗೆ ಸಿಕ್ಕ ಆ ಹತ್ತು ನಿಮಿಷದ ಬಿಡುವು ಮಿಕ್ಸಿಯದೋ ಗ್ಯಾಸ್ ಒಲೆಯದೋ ಕೃಪೆಯಾಗಿದ್ದೀತು, ಗಂಡನ ಕೃಪೆಯಂತೂ ಅಲ್ಲ.

ಕೆಲಸದವರನ್ನಿಟ್ಟುಕೊಳ್ಳಬಹುದು, ಮನೆಯಲ್ಲಿ ಅತ್ತೆಯವರಿದ್ದಾರೆ ಎಂಬುದು ಇನ್ನೊಂದು ಸಮಾಧಾನ. ನಗರದ ಮಧ್ಯಮವರ್ಗ ಈ ಸಮಸ್ಯೆಯನ್ನು ಬಗೆಹರಿಸಿಕೊಂಡಿರುವುದೇ ಹೀಗೆ. ಆದರೆ ಇದು ಹೊರೆಯನ್ನು ಒಬ್ಬ ಹೆಂಗಸಿನ ತಲೆಯಿಂದ ಇಳಿಸಿ ಇನ್ನೊಬ್ಬ ಹೆಂಗಸಿನ ತಲೆಗೆ ಏರಿಸುವ ಉಪಾಯ. ಅರವತ್ತು ದಾಟಿ ಮಂಡಿನೋವಿನಿಂದ ನರಳುವ ಅತ್ತೆ ಮೊಮ್ಮಗುವಿನ ಹಿಂದೆ ಓಡುತ್ತಾರೆ. ಕೆಲಸದಾಕೆ ತನ್ನ ಮಗುವನ್ನು ನೆರೆಯವರಲ್ಲಿ ಬಿಟ್ಟು ಬಂದು ನಮ್ಮ ಮಗುವಿಗೆ ಉಣಿಸುತ್ತಾಳೆ. ‘ಸರಿದೂಗಿಸು’ ಎಂಬುದು ತಕ್ಕಡಿಯ ಮಾತು. ಗಂಡಸಿನ ಕೈ ತಕ್ಕಡಿಯ ಹತ್ತಿರವೂ ಸುಳಿಯದೆ ಈ ತೂಕವೆಲ್ಲ ನಡೆದುಹೋಗುತ್ತದೆ.

ತಾಯ್ತನ ಪ್ರಕೃತಿಯ ಧರ್ಮವಲ್ಲವೆ ಎಂದು ಕೇಳಬಹುದು. ಹೆರುವುದು, ಹಾಲೂಡುವುದು ಪ್ರಕೃತಿಧರ್ಮ, ನಿಜ. ಹೋಂವರ್ಕ್ ಮಾಡಿಸುವುದು, ಸಮವಸ್ತ್ರ ಒಗೆಯುವುದು, ಜ್ವರ ಬಂದ ಮಗುವಿನ ಮಗ್ಗುಲಲ್ಲಿ ಕೂರುವುದು ಯಾವ ಪ್ರಕೃತಿಯ ಧರ್ಮ? ನಮ್ಮ ಸರ್ಕಾರಕ್ಕೂ ಈ ವಿವೇಚನೆ ಪೂರ್ತಿಯಾಗಿ ಬಂದಿಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆ ಉಂಟು. ಹೆಂಡತಿಯಿಲ್ಲದೆ ಒಂಟಿಯಾಗಿ ಮಕ್ಕಳನ್ನು ಸಾಕುವ ತಂದೆಗೂ ಉಂಟು. ಹೆಂಡತಿ ಇರುವ ತಂದೆಗೆ ಮಗು ಹುಟ್ಟಿದಾಗಿನ 15 ದಿನ ಬಿಟ್ಟರೆ ಇಲ್ಲ. ಹೆಂಡತಿ ಇದ್ದಮೇಲೆ ಆರೈಕೆಗೆ ಗಂಡನೇಕೆ ಎಂಬ ಊಹೆ ಈ ನಿಯಮದ ಒಳಗೆ ಕೂತಿದೆ. ಹೆಂಗಸರಿಗೆ ಕೊಟ್ಟ ರಜೆಯನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಪಾಪ. ಅದೇ ರಜೆಯನ್ನು ತಂದೆಗೂ ಕೊಡಿ, ಕೊಟ್ಟು ಅವನು ತೆಗೆದುಕೊಳ್ಳುವಂತೆ ಮಾಡಿ ಎನ್ನುತ್ತೇನೆ. ರಜೆ ಹಾಕುವವಳು ಹೆಂಗಸೊಬ್ಬಳೇ ಆಗಿರುವವರೆಗೂ ಬಡ್ತಿಯ ಪಟ್ಟಿ ಮಾಡುವವನು ಅವಳ ಹೆಸರಿನ ಮುಂದೆ ಒಂದು ಕ್ಷಣ ಲೇಖನಿ ಎತ್ತಿ ಹಿಡಿದೇ ಹಿಡಿಯುತ್ತಾನೆ.

2024ರ ಜುಲೈ ಕೊನೆಯ ದಿನ ಕರ್ನಾಟಕದ ಮುಖ್ಯ ಕಾರ್ಯದರ್ಶಿ ರಜನೀಶ್ ಗೋಯಲ್ ನಿವೃತ್ತರಾದರು. ಅವರ ಪತ್ನಿ ಶಾಲಿನಿ ರಜನೀಶ್ ಅದೇ ಹುದ್ದೆಗೆ ಬಂದರು. ರಾಜ್ಯದ ಆಡಳಿತ ಸೇವೆಯ ಅತ್ಯುನ್ನತ ಸ್ಥಾನ ಒಂದೇ ಮನೆಯಲ್ಲಿ ಗಂಡನ ಕೈಯಿಂದ ಹೆಂಡತಿಯ ಕೈಗೆ ಬಂತು. ಒಂದೇ ಸೇವೆ, ಒಂದೇ ಹುದ್ದೆ, ಒಂದೇ ಸಂಸಾರ. ಇಂಥ ದಂಪತಿಗಳು ನಮ್ಮ ಊರಿನ ಸಭೆಗೆ ಅತಿಥಿಗಳಾಗಿ ಬಂದರೆ, “ಮನೆಯನ್ನೂ ನಿಭಾಯಿಸಿಕೊಂಡು ಇದನ್ನೆಲ್ಲ ಹೇಗೆ ಸಾಧಿಸಿದಿರಿ?” ಎಂಬ ಪ್ರಶ್ನೆಯನ್ನು ನಾವು ಇಬ್ಬರಲ್ಲಿ ಯಾರನ್ನು ಕೇಳುತ್ತೇವೆ? ಉತ್ತರವನ್ನು ಓದುಗರೇ ಪ್ರಾಮಾಣಿಕವಾಗಿ ಹೇಳಿಕೊಳ್ಳಲಿ.

ಮೇಲಿನ ಸ್ಥಾನಕ್ಕೆ ಏರಿದ ಹೆಂಗಸನ್ನು ಹೊಗಳುವುದು ಬೇಡವೆಂದಲ್ಲ. ಆಕೆ ಬರೆದ ಕಡತ, ಕಟ್ಟಿದ ಸಂಸ್ಥೆ, ಎದುರಿಸಿದ ಮಂತ್ರಿ, ತಿದ್ದಿದ ವಿದ್ಯಾರ್ಥಿ, ಇವುಗಳಿಗಾಗಿ ಮನಸಾರೆ ಹೊಗಳೋಣ. ಅಡುಗೆಮನೆಯನ್ನು ಬಿನ್ನವತ್ತಳೆಯೊಳಕ್ಕೆ ಎಳೆದು ತರಲೇಬೇಕೆಂದಿದ್ದರೆ ಗಂಡಸರ ಬಿನ್ನವತ್ತಳೆಗೂ ತರೋಣ. ಮುಂದಿನ ಸಲ ಪ್ರಾಂಶುಪಾಲರೊಬ್ಬರು ನಿವೃತ್ತರಾಗುವಾಗ, ಮೂವತ್ತು ವರ್ಷದ ಸೇವೆಯಲ್ಲಿ ಅವರು ಎಷ್ಟು ದಿನ ಮಕ್ಕಳಿಗೆ ಬುತ್ತಿ ಕಟ್ಟಿದರೆಂದು ವೇದಿಕೆಯ ಮೇಲೆ ವಿಚಾರಿಸೋಣ. ಮಹನೀಯರು ಮುಜುಗರಪಟ್ಟರೆ, ಆ ಪ್ರಶ್ನೆಯನ್ನು ಇಷ್ಟು ಕಾಲ ಮಹಿಳೆಯರಿಗೆ ಹಾಕುತ್ತಿದ್ದವರಿಗೂ ಅದರ ರುಚಿ ಸ್ವಲ್ಪ ತಿಳಿದೀತು.