ಒಂದು ಹಿಡಿ ಅಕ್ಕಿ

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ. ಒಂದು ಹಿಡಿ ಅಕ್ಕಿ 50 ಗ್ರಾಂ ಎಂದುಕೊಳ್ಳಿ. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ತೆಗೆದಿಟ್ಟರೆ ವರ್ಷಕ್ಕೆ ಎಷ್ಟಾಯಿತು? ನಿಮ್ಮ ಅಜ್ಜ ಬಾಯಲ್ಲೇ ಲೆಕ್ಕ ಹಾಕಿ ಹೇಳಿಬಿಡುತ್ತಾರೆ: 36.5 ಕಿಲೋ. ಅಂಥ ನೂರು ಮನೆಗಳಿದ್ದರೆ 36.5 ಕ್ವಿಂಟಲ್!

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಈಶಾನ್ಯದ ಗುಡ್ಡಗಾಡು ರಾಜ್ಯ ಮಿಜೋರಾಂನಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಕುಟುಂಬಗಳು 1910ರಿಂದ ಇದನ್ನು ಮಾಡುತ್ತ ಬಂದಿವೆ. ಅವರ ಭಾಷೆಯಲ್ಲಿ ಇದಕ್ಕೆ ‘ಬುಹ್‌ಫಾಯ್ ಥಮ್’ ಎಂದು ಹೆಸರು. ಹಿಡಿ ಅಕ್ಕಿ ಎಂದೇ ಅರ್ಥ. ಅಡುಗೆಗೆ ಅಕ್ಕಿ ಅಳೆದ ತಾಯಿ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ. ಚರ್ಚಿನ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಕೂಡಿಸಿ ತರುತ್ತಾರೆ. ಮಾರಿದ ಹಣ ಚರ್ಚಿನ ಸೇವಾಕಾರ್ಯಕ್ಕೆ ಹೋಗುತ್ತದೆ. ಈಗ ಆ ಹಿಡಿಗಳೆಲ್ಲ ಸೇರಿ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಆಗುತ್ತದೆ.

ಶುರು ಮಾಡಿದವರೇನು ಶ್ರೀಮಂತರಲ್ಲ. ಅಲ್ಲಿನ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಡುತ್ತದೆ. ಅದರ ಕಾಯಿ ತಿಂದು ಇಲಿಗಳು ವಿಪರೀತ ಹೆಚ್ಚಿ, ಕೊನೆಗೆ ಬತ್ತದ ಬೆಳೆಗೆ ನುಗ್ಗುತ್ತವೆ. ‘ಮೌತಮ್’ ಎಂಬ ಈ ಬರ ಪದ್ಧತಿ ಶುರುವಾದ ಮರುವರ್ಷವೇ, 1911ರಲ್ಲಿ, ಬಂತು. 1959ರಲ್ಲಿ ಮತ್ತೆ ಬಂತು, 2007ರಲ್ಲಿ ಮತ್ತೆ. ಹಿಡಿ ಅಕ್ಕಿಯ ಪದ್ಧತಿ ಇಂದಿಗೂ ಉಳಿದಿದೆ.

ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಎಂಬ ಮಾತು ಬರುತ್ತದೆ. ಯಜಮಾನನ ಮನೆಯ ಉಸ್ತುವಾರಿ ನೋಡಿಕೊಳ್ಳುವವನು ಎಂದರ್ಥ. ಉಗ್ರಾಣದ ಬೀಗದಕೈ ಅವನ ಸೊಂಟದಲ್ಲಿರುತ್ತದೆ, ಉಗ್ರಾಣ ಅವನದಲ್ಲ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಒಳ್ಳೆಯ ಮನೆವಾರ್ತೆಯವನು ಮನೆಯ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಊಟದ ಪಾಲನ್ನು ಅಳೆದು ಕೊಡುತ್ತಾನೆ. ನಮ್ಮ ಕೈಲಿರುವುದೆಲ್ಲ ನಮಗೆ ಒಪ್ಪಿಸಿದ್ದು, ಲೆಕ್ಕ ಕೊಡಬೇಕಾದದ್ದು ಎಂಬ ನಂಬಿಕೆಯೇ ಆ ಡಬ್ಬಿಯ ಹಿಂದಿದೆ.

ಈ ಪದ್ಧತಿಯಲ್ಲಿ ನನಗೆ ಇಷ್ಟವಾದದ್ದು ಎರಡು ಸಂಗತಿ. ಹಿಡಿ ತೆಗೆಯುವುದು ಅನ್ನ ಬೇಯುವ ಮೊದಲು. ಉಂಡು ಮಿಕ್ಕಿದ್ದನ್ನು ಕೊಡುವ ಮಾತಿಲ್ಲ. ಮತ್ತೆ, ಕಾಸಿಲ್ಲದವರೂ ಇಲ್ಲಿ ಕೊಡುವವರ ಸಾಲಿನಲ್ಲಿ ನಿಲ್ಲಬಹುದು.

ಒಂದು ಮಾತು ಮಾತ್ರ ನಾನು ಸೇರಿಸುತ್ತೇನೆ. ಎಷ್ಟೋ ಮನೆಗಳಲ್ಲಿ ಬಡಿಸುವ ಅಮ್ಮ ಕೊನೆಗೆ ಉಣ್ಣುತ್ತಾಳೆ. ಪಾತ್ರೆಯಲ್ಲಿ ಒಂದು ಹಿಡಿ ಕಡಿಮೆಯಾದ ದಿನವೂ ಉಳಿದವರೆಲ್ಲ ಎಂದಿನಷ್ಟೇ ಉಂಡರೆ, ಆ ಹಿಡಿ ಅವಳೊಬ್ಬಳ ತಟ್ಟೆಯಿಂದ ಹೋದಂತಾಯಿತು. ಎಲ್ಲರೂ ಒಂದೊಂದು ತುತ್ತು ಬಿಟ್ಟುಕೊಟ್ಟರೆ ಅದು ಇಡೀ ಮನೆಯ ಕಾಣಿಕೆ.

ಈ ವಾರ ಅಕ್ಕಿ ಡಬ್ಬಿಯ ಪಕ್ಕ ಒಂದು ಖಾಲಿ ಡಬ್ಬಿ ಇಡಿ. ತುಂಬಿದ ಮೇಲೆ ಯಾರಿಗೆ ಕೊಡಬೇಕೆಂದು ಅಜ್ಜಿಯನ್ನು ಕೇಳಿ. ಊರಲ್ಲಿ ಯಾರ ಮನೆಯ ಒಲೆ ತಣ್ಣಗಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹಿಡಿಯನ್ನು ನೀವೇ ಹಾಕಿ. ಪುಟ್ಟ ಕೈಯ ಹಿಡಿ ಪುಟ್ಟದೇ ಇರಲಿ, ಒಂದು ದಿನವೂ ತಪ್ಪದಿರಲಿ.